ಕಳುವಾದ ಗಾಡಿಯ ಇನ್ಶೂರೆನ್ಸ್ ಹಣ ಕೈಗೆ ಬರುವ ತನಕ

ಕಳೆದ ವಾರ ಅಪ್ಪನ ಖಾತೆಗೆ 54,500 ರೂಪಾಯಿ ಜಮಾ ಆಯಿತು. ಕಳುವಾದ ನಮ್ಮ ಗಾಡಿಯ ಇನ್ಶೂರೆನ್ಸ್ ಹಣ ಅದು. ಗಾಡಿ ಹೋಗಿದ್ದು ದಸರಾ ಮುಗಿದ ಮೇಲೆ. ಹಣ ಬರುವಷ್ಟರಲ್ಲಿ ಕಲಬುರಗಿಯ ಬಿಸಿಲು ಕಾಲವೇ ಮುಗಿಯುತ್ತಾ ಬಂದಿತ್ತು. ಇಷ್ಟು ದಿನ ಠಾಣೆ, ಆರ್‌ಟಿಒ, ಕೋರ್ಟು, ಬ್ಯಾಂಕು ಅಂತ ತಿರುಗಿದೆ. ಎಲ್ಲಿ ಹೋದರೂ ಅರ್ಧ ಉತ್ತರ. ಠಾಣೆಯವರಿಗೆ ಇನ್ಶೂರೆನ್ಸ್‌ನವರು ಏನು ಕೇಳುತ್ತಾರೆ ಗೊತ್ತಿಲ್ಲ, ಇನ್ಶೂರೆನ್ಸ್‌ನವರಿಗೆ ಕೋರ್ಟಿನ ಕಾಗದ ಹೇಗೆ ಸಿಗುತ್ತದೆ ಗೊತ್ತಿಲ್ಲ. ನಮ್ಮ ಕಡೆ ಗಾಡಿ ಕಳೆದುಕೊಂಡವರು ಎಷ್ಟೋ ಜನ ಈ ಅಲೆದಾಟಕ್ಕೆ ಹೆದರಿ ಕ್ಲೇಮ್ ಅನ್ನೇ ಬಿಟ್ಟುಬಿಡುತ್ತಾರೆ. ಅವರಿಗಾಗಿ ಎಲ್ಲವನ್ನೂ ಬರೆಯುತ್ತಿದ್ದೇನೆ.

ಗಾಡಿ ಸ್ಪ್ಲೆಂಡರ್, ಕೆಎ-32 ನಂಬರ್, ಆರ್‌ಸಿ ಅಪ್ಪನ ಹೆಸರಿನಲ್ಲಿ. ಅಪ್ಪ ಅವ್ವ ಇರುವುದು ಅಫಜಲಪುರ ತಾಲ್ಲೂಕಿನ ಊರಲ್ಲಿ. ನಾನು ಇಲ್ಲಿ ಕಲಬುರಗಿಯಲ್ಲಿ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ, ಓಡಾಟಕ್ಕೆ ಗಾಡಿ ನನ್ನ ಹತ್ತಿರ ಇತ್ತು. ಅವತ್ತು ಸಂಜೆ ಸೂಪರ್ ಮಾರ್ಕೆಟ್‌ನಲ್ಲಿ ಅವ್ವನ ಬಿ.ಪಿ. ಗುಳಿಗೆ ತೆಗೆದುಕೊಂಡು ಹೊರಗೆ ಬಂದೆ. ಹ್ಯಾಂಡಲ್ ಲಾಕ್ ಮಾಡಿದ್ದೆ, ಚಾವಿ ಜೇಬಿನಲ್ಲೇ ಇತ್ತು. ಅಕ್ಕಪಕ್ಕದ ಗಾಡಿಗಳು ಹಾಗೇ ನಿಂತಿದ್ದವು. ನಡುವೆ ಖಾಲಿ. ಮಣ್ಣಿನಲ್ಲಿ ಸೈಡ್ ಸ್ಟ್ಯಾಂಡ್ ಒತ್ತಿದ ಗುರುತು, ಅದರ ಪಕ್ಕ ಕೈಬೆರಳಿನಷ್ಟು ಉದ್ದದ ಒಂದು ಕರಿ ಪ್ಲಾಸ್ಟಿಕ್ ಚೂರು. ಚಹಾದ ಅಂಗಡಿಯ ಕಾಕಾ ಬಂದು ನೋಡಿ, "ಯಾರರ ಗುರ್ತಿನವ್ರು ಒಯ್ದಾರೇನು, ಒಂದೆರಡು ಫೋನ್ ಹಚ್ಚಿ ನೋಡ್ರಿ" ಅಂದರು. ಫೋನ್ ಹಚ್ಚಿದೆ. ಯಾರೂ ಒಯ್ದಿರಲಿಲ್ಲ. ಕಾಲು ನಡುಗುತ್ತಿದ್ದವು.

ಅಲ್ಲಿಂದಲೇ 112ಕ್ಕೆ ಕರೆ ಮಾಡಿದೆ. ಈ ಕರೆಯ ಸಮಯ ಅವರ ದಾಖಲೆಯಲ್ಲಿ ಉಳಿಯುತ್ತದೆ, ಮುಂದೆ ಕೆಲಸಕ್ಕೆ ಬರುತ್ತದೆ. ಆಮೇಲೆ ಠಾಣೆಗೆ ಹೋದೆ. "ಎರಡು ದಿನ ಹುಡುಕ್ರಿ, ಸಿಗಲಿಲ್ಲಂದ್ರ ಬರ್ರಿ, ಆಗ ಬರಕೊಳ್ಳೋಣ" ಅಂದರು. ಈ ಮಾತಿಗೆ ಒಪ್ಪಿ ಮನೆಗೆ ಹೋಗಬೇಡಿ. ಗಾಡಿ ಹೋದ ದಿನಕ್ಕೂ ಎಫ್‌ಐಆರ್ ದಿನಕ್ಕೂ ಅಂತರ ಬಿದ್ದರೆ ಇನ್ಶೂರೆನ್ಸ್‌ನವರು ಹಿಡಿಯುವ ಮೊದಲ ತಕರಾರು ಅದೇ. ನಾನು ಅಲ್ಲೇ ಬೆಂಚಿನ ಮೇಲೆ ಕೂತು ದೂರು ಬರೆದೆ. ಯಾವ ದಿನ, ಎಷ್ಟು ಗಂಟೆಗೆ ನಿಲ್ಲಿಸಿದೆ, ಎಷ್ಟು ಗಂಟೆಗೆ ನೋಡಿದೆ, ಯಾವ ಅಂಗಡಿಯ ಎದುರು, ಗಾಡಿ ನಂಬರ್, ಬಣ್ಣ, ಎಂಜಿನ್ ನಂಬರ್, ಚಾಸಿ ನಂಬರ್, ಲಾಕ್ ಮಾಡಿದ್ದು, ಚಾವಿ ನನ್ನ ಹತ್ತಿರ ಇರುವುದು ಎಲ್ಲ ಬರೆದೆ. ದೂರನ್ನು ಗಾಡಿ ಓಡಿಸುವವರೇ ಕೊಡಬಹುದು, ಮಾಲೀಕರೇ ಬರಬೇಕು ಅಂತ ಇಲ್ಲ. ರಾತ್ರಿ ಸ್ವೀಕೃತಿ ಕೊಟ್ಟರು, ಮರುದಿನ ಬೆಳಿಗ್ಗೆ ಎಫ್‌ಐಆರ್ ಆಯಿತು. ಭಾರತೀಯ ನ್ಯಾಯ ಸಂಹಿತೆಯ ಕಲಂ 303(2), ಅಂದರೆ ಕಳ್ಳತನ. ಎಫ್‌ಐಆರ್ ಪ್ರತಿ ದೂರುದಾರರಿಗೆ ಪುಕ್ಕಟೆ ಕೊಡಬೇಕು, ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲೇ ಇದೆ. ಠಾಣೆಯಲ್ಲಿ ತೆಗೆದುಕೊಳ್ಳಲೇ ಒಲ್ಲೆ ಅಂದರೆ ಅದೇ ಕಲಮಿನ ಪ್ರಕಾರ ದೂರನ್ನು ಎಸ್‌ಪಿ ಅವರಿಗೆ ಅಂಚೆಯಲ್ಲಿ ಕಳಿಸಬಹುದು. ಕಲಬುರಗಿ ನಗರದಲ್ಲಾದರೆ ಪೊಲೀಸ್ ಕಮಿಷನರ್ ಇದ್ದಾರೆ.

ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿದ್ದು ಅದೇ ರಾತ್ರಿ, ಠಾಣೆಯ ಹೊರಗೆ ನಿಂತು. ಎಫ್‌ಐಆರ್ ಆಗುವ ತನಕ ಕಾಯಬೇಕಿಲ್ಲ. ಪಾಲಿಸಿ ನಂಬರ್ ಹೇಳಿದರೆ ಕ್ಲೇಮ್ ನಂಬರ್ ಮೆಸೇಜ್ ಬರುತ್ತದೆ. ತಡವಾಗಿ ತಿಳಿಸಿದವರು ಪೂರ್ತಿ ಕೈಚೆಲ್ಲಬೇಕಿಲ್ಲ. ಎಫ್‌ಐಆರ್ ತಕ್ಷಣ ಆಗಿದ್ದು, ಕಳುವು ನಿಜವಾಗಿದ್ದರೆ, ಕಂಪನಿಗೆ ತಡವಾಗಿ ತಿಳಿಸಿದರು ಅನ್ನುವ ಒಂದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಗುರುಶಿಂದರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ ಮಾತ್ರ ಕೊಡುವ ಇನ್ಶೂರೆನ್ಸ್, ಕಡ್ಡಾಯ. ಶೋರೂಮಿನಲ್ಲಿ "ಐದು ವರ್ಷ ಚಿಂತಿ ಇಲ್ರಿ" ಅಂತ ಕೊಡುವ ಕಾಗದ ಅದೇ. ಆದರೆ ಕಳುವಿಗೆ ಹಣ ಕೊಡುವುದು ಓನ್ ಡ್ಯಾಮೇಜ್ ಭಾಗ, ಅಂದರೆ ನಮ್ಮದೇ ಗಾಡಿಯ ನಷ್ಟಕ್ಕೆ ಇರುವ ಭಾಗ. ಅದು ಬಹಳಷ್ಟು ಪಾಲಿಸಿಗಳಲ್ಲಿ ಒಂದೇ ವರ್ಷಕ್ಕೆ ಮುಗಿಯುತ್ತದೆ, ಪ್ರತಿ ವರ್ಷ ಬೇರೆ ಕಟ್ಟಬೇಕು. ನಾನು ಕಟ್ಟುತ್ತಾ ಬಂದಿದ್ದೆ, ಅದರಿಂದಲೇ ನಮಗೆ ಹಣ ಬಂತು. ನಮ್ಮ ಮಿಲ್ಲಿನ ಹಮಾಲರೊಬ್ಬರ ಗಾಡಿ ಹೋದಾಗ ಅವರ ಕೈಯಲ್ಲಿ ಇದ್ದದ್ದು ಥರ್ಡ್ ಪಾರ್ಟಿ ಮಾತ್ರ. ಒಂದು ಪೈಸೆ ಬರಲಿಲ್ಲ. ಇವತ್ತೇ ನಿಮ್ಮ ಪಾಲಿಸಿ ತೆಗೆದು ಎರಡೂ ಭಾಗ ಮುಗಿಯುವ ದಿನಾಂಕ ನೋಡಿ.

ಮರುದಿನ ಎಫ್‌ಐಆರ್ ಪ್ರತಿ ಹಚ್ಚಿ ಆರ್‌ಟಿಒಗೆ ಒಂದು ಪತ್ರ, ಸಾಲ ಕೊಟ್ಟ ಫೈನಾನ್ಸ್ ಕಂಪನಿಗೆ ಒಂದು ಪತ್ರ ಕೊಟ್ಟೆ. ಆರ್‌ಟಿಒದಲ್ಲಿ ಕಳುವಿನ ಮಾಹಿತಿ ದಾಖಲಾದರೆ ಗಾಡಿಯನ್ನು ಬೇರೆಯವರ ಹೆಸರಿಗೆ ಮಾಡಲು ಬರುವುದಿಲ್ಲ. ಎರಡೂ ಕಡೆ ನನ್ನ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೆ. ಈ ಸೀಲು ಹಾಕಿದ ಪ್ರತಿಯನ್ನು ಆಮೇಲೆ ಇನ್ಶೂರೆನ್ಸ್‌ನವರು ಕೇಳಿಯೇ ಕೇಳುತ್ತಾರೆ. ಅಂಗಡಿಗಳ ಕ್ಯಾಮೆರಾ ದೃಶ್ಯವನ್ನೂ ಆ ವಾರವೇ ಪೊಲೀಸರಿಗೆ ತೆಗೆಸಿಕೊಡಿ. ಹಳೆಯ ರೆಕಾರ್ಡಿಂಗ್ ಮೇಲೆ ಹೊಸದು ಕೂತು ಅಳಿಸಿಹೋಗುತ್ತದೆ. ನಮ್ಮದರಲ್ಲಿ ಇಬ್ಬರು ಹುಡುಗರು ಗಾಡಿ ತಳ್ಳಿಕೊಂಡು ಹೋಗುವುದು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಪೊಲೀಸರು ಸ್ಥಳ ಪಂಚನಾಮೆ ಮಾಡಿದರು. ಚಹಾದಂಗಡಿಯ ಕಾಕಾ ಪಂಚರಾಗಿ ಸಹಿ ಹಾಕಿದರು. ಪೊಲೀಸ್ ಕಾಗದಕ್ಕೆ ಸಹಿ ಅಂದರೆ ಜನ ಹಿಂದೆ ಸರಿಯುತ್ತಾರೆ. ಆ ಹಿರಿಯರು ಅಂಗಡಿ ಬಿಟ್ಟು ಬಂದು ಸಹಿ ಹಾಕಿದ್ದನ್ನು ಮರೆಯುವುದಿಲ್ಲ.

ಇನ್ನೂ ಎರಡು ವಾರ ಆಗಿರಲಿಲ್ಲ, ಕಂಪನಿಯ ತನಿಖಾಧಿಕಾರಿ ಮನೆಗೆ ಬಂದರು. ಕಳುವಿನ ಕ್ಲೇಮ್‌ನಲ್ಲಿ ಇವರು ಬಂದೇ ಬರುತ್ತಾರೆ, ಗಾಬರಿ ಬೇಡ. ಗಾಡಿ ಯಾಕೆ ನೀವು ಓಡಿಸುತ್ತೀರಿ, ಎಲ್ಲಿ ಸರ್ವಿಸ್ ಮಾಡಿಸುತ್ತಿದ್ದಿರಿ, ಕೊನೆಯ ಸಲ ಎಣ್ಣೆ ಹಾಕಿಸಿದ್ದೆಲ್ಲಿ ಅಂತೆಲ್ಲ ಕೇಳಿ ಬರೆದುಕೊಂಡರು. ಎರಡೂ ಮೂಲ ಚಾವಿ ಬೇಕು ಅಂದರು. ಎರಡನೆಯದು ಊರಲ್ಲಿ ಅವ್ವನ ಟ್ರಂಕಿನಲ್ಲಿ, ಗಾಡಿ ಕೊಂಡ ದಿನದ ಕುಂಕುಮ ಹತ್ತಿದ ಚೀಲದಲ್ಲೇ ಇತ್ತು. ಅವ್ವ ಬಸ್ಸಿನಲ್ಲಿ ಬಂದು ಕೊಟ್ಟು ಹೋದಳು. ತನಿಖಾಧಿಕಾರಿ ಎರಡನ್ನೂ ಬೆಳಕಿಗೆ ಹಿಡಿದು ಸವೆತ ನೋಡಿದರು. ಒಂದರ ಹಲ್ಲು ಉಜ್ಜಿ ನುಣ್ಣಗಾಗಿತ್ತು, ಇನ್ನೊಂದು ಹೊಸದರಂತೆ ಮಿರಿಮಿರಿ ಮಿಂಚುತ್ತಿತ್ತು. ನಕಲಿ ಚಾವಿ ಕೊಟ್ಟರೆ ಇಲ್ಲೇ ಸಿಕ್ಕಿಬೀಳುತ್ತದೆ. ಚಾವಿ ಕೊಡುವ ಮೊದಲು ಫೋಟೊ ತೆಗೆದುಕೊಳ್ಳಿ. ಕೊಟ್ಟಿದ್ದಕ್ಕೆ ರಸೀದಿ ಪಡೆಯಿರಿ.

ಆಮೇಲೆ ಬಂತು ನಿಜವಾದ ತೊಡಕು. ಕಂಪನಿಯಿಂದ ಮೇಲ್: ಎಫ್‌ಐಆರ್‌ನಲ್ಲಿರುವ ಚಾಸಿ ನಂಬರ್ ಆರ್‌ಸಿಗೆ ಹೊಂದುತ್ತಿಲ್ಲ. ಎರಡನ್ನೂ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ನೋಡಿದೆ. ನನ್ನ ದೂರಿನಲ್ಲಿ ಸರಿ ಇತ್ತು. ಕಂಪ್ಯೂಟರಿನಲ್ಲಿ ಟೈಪ್ ಮಾಡುವಾಗ ಒಂದು ಕಡೆ ಸೊನ್ನೆಯ ಬದಲು ಇಂಗ್ಲಿಷಿನ ಓ ಅಕ್ಷರ ಬಿದ್ದಿತ್ತು. ಚಾಸಿ ನಂಬರ್‌ನಲ್ಲಿ 17 ಅಂಕಿ-ಅಕ್ಷರ ಇರುತ್ತವೆ. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಈ ಮೂರು ಅಕ್ಷರ ಬರುವುದೇ ಇಲ್ಲ, ಅಂಕಿಗಳ ಜೊತೆ ಗೊಂದಲ ಆಗಬಾರದು ಅಂತಲೇ ಬಿಟ್ಟಿದ್ದಾರೆ. ಇದನ್ನು ಠಾಣೆಯಲ್ಲಿ ತೋರಿಸಿದರೆ, "ಎಫ್‌ಐಆರ್ ಕೋರ್ಟಿಗೆ ಹೋಗ್ಯಾದ್ರಿ, ಈಗ ತಿದ್ದಾಕ ಬರಂಗಿಲ್ಲ" ಅಂದರು. ಅದೂ ನಿಜವೇ. ಎಫ್‌ಐಆರ್ ತಿದ್ದುವುದಿಲ್ಲ. ಆದರೆ ನಮ್ಮ ಹೆಚ್ಚುವರಿ ಹೇಳಿಕೆ ಪಡೆದು, ಸರಿಯಾದ ನಂಬರ್ ಇಂಥದ್ದು ಅಂತ ಪೊಲೀಸ್ ತನಿಖಾಧಿಕಾರಿ ಕೋರ್ಟಿಗೆ ವರದಿ ಕೊಡಬಹುದು. ಇದನ್ನು ಹೇಳಿಕೊಟ್ಟಿದ್ದು ಕೋರ್ಟಿನ ಆವರಣದಲ್ಲಿ ಕೂರುವ ಒಬ್ಬ ಹಿರಿಯ ವಕೀಲರು, ಒಂದು ರೂಪಾಯಿ ಮುಟ್ಟದೆ. ಒಂದು ಅಕ್ಷರಕ್ಕಾಗಿ ವಾರಗಟ್ಟಲೆ ಹೋಯಿತು. ಮಿಲ್ಲಿನಲ್ಲಿ ಅರ್ಧ ದಿನದ ರಜೆ ಕೇಳಿ ಕೇಳಿ ನನಗೇ ಬೇಸರ ಬಂದಿತ್ತು. ಎಫ್‌ಐಆರ್‌ಗೆ ಸಹಿ ಹಾಕುವ ಮೊದಲು ಚಾಸಿ, ಎಂಜಿನ್ ನಂಬರ್‌ಗಳನ್ನು ಆರ್‌ಸಿ ಹಿಡಿದು ಓದಿಸಿ. ಅವಸರ ಮಾಡಿದರೂ ಬಿಡಬೇಡಿ.

ಈ ನಡುವೆ ಸಾಲದ ಕಂತು ತಪ್ಪಲಿಲ್ಲ. ಇಲ್ಲದ ಗಾಡಿಗೆ ತಿಂಗಳು ತಿಂಗಳು ಹಣ ಕಟ್ಟುವುದು ಹೊಟ್ಟೆಗೆ ಬೆಂಕಿ ಬಿದ್ದಂತೆ. ಆದರೂ ಕಟ್ಟಿ. ನಿಲ್ಲಿಸಿದರೆ ದಂಡ ಬೀಳುತ್ತದೆ, ಸಾಲ ತೀರಿಸುವ ದಾಖಲೆಯ ಸಿಬಿಲ್ ಅಂಕ ಕೆಡುತ್ತದೆ. ಕ್ಲೇಮ್ ಹಣ ಬಂದಾಗಲೂ ಬಾಕಿ ಸಾಲ ಮೊದಲು ಫೈನಾನ್ಸ್‌ನವರಿಗೆ ಹೋಗುತ್ತದೆ, ಉಳಿದದ್ದು ನಮಗೆ. ಅಪ್ಪ ತೊಗರಿ ರಾಶಿ ಆದ ಮೇಲೆ ಗಂಜ್ ಮಾರುಕಟ್ಟೆಗೆ ತಂದು ಮಾರಿದ ಹಣದಲ್ಲಿ ಉಳಿದ ಕಂತನ್ನೆಲ್ಲ ಒಮ್ಮೆಗೇ ಕಟ್ಟಿದ. ಆಗ ಸಾಲ ಬಾಕಿ ಇಲ್ಲ ಅನ್ನುವ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ 35ನೇ ನಮೂನೆ ಸಿಕ್ಕಿತು. ಎನ್‌ಒಸಿಗೂ ಅವಧಿ ಇರುತ್ತದೆ, ನಮ್ಮದರಲ್ಲಿ 90 ದಿನ ಅಂತ ಬರೆದಿತ್ತು. ಬಂದ ಕೂಡಲೇ ಉಪಯೋಗಿಸಿ.

ಒಂದು ದಿನ ಅಪ್ಪನ ಮೊಬೈಲಿಗೆ ಚಲನ್ ಬಂತು. ನಮ್ಮದೇ ನಂಬರಿನ ಗಾಡಿ, ಹೆಲ್ಮೆಟ್ ಹಾಕಿಲ್ಲ ಅಂತ ದಂಡ, ಸೊಲ್ಲಾಪುರದಲ್ಲಿ. ಅಪ್ಪ ಊರಿಂದ ಫೋನ್ ಮಾಡಿ ಒಂದೇ ಉಸಿರಿಗೆ, "ಗಾಡಿ ಅದಪಾ, ಗಾಡಿ ಅದ! ಸೊಲ್ಲಾಪುರದಾಗ ಅದ!" ಅಂದ. ನನಗೂ ಎದೆ ಹೊಡೆದುಕೊಂಡಿತು. ಚಲನ್‌ನಲ್ಲಿದ್ದ ಫೋಟೊ ತೆಗೆದು ನೋಡಿದೆ. ಹಿಂದಿನಿಂದ ತೆಗೆದದ್ದು, ಸೀಟಿನ ಮೇಲೆ ಅವ್ವ ಹೊಲಿದ ನೀಲಿ ಕವರು ಇತ್ತು. ಅದೇ ದಿನ ಚಲನ್ ಪ್ರತಿ ಒಯ್ದು ಠಾಣೆಗೆ ಕೊಟ್ಟೆ. ಅವರು ಸೊಲ್ಲಾಪುರಕ್ಕೆ ಮಾಹಿತಿ ಕಳಿಸಿದರು, ಒಬ್ಬ ಸಿಬ್ಬಂದಿ ಹೋಗಿ ಬಂದರು. ಸಿಗಲಿಲ್ಲ. ಕೇಸು ಮುಗಿಸುವುದು ಇದರಿಂದ ಇನ್ನಷ್ಟು ತಡವಾಯಿತು. ಆದರೆ ಇಂಥ ಚಲನ್ ಬಂದರೆ ಮುಚ್ಚಿಡಬಾರದು. ಠಾಣೆಗೂ ಇನ್ಶೂರೆನ್ಸ್‌ನವರಿಗೂ ಬರಹದಲ್ಲಿ ತಿಳಿಸಿ. ದಂಡ ಕಟ್ಟಲು ಹೋಗಬೇಡಿ. ಎಫ್‌ಐಆರ್ ಪ್ರತಿ ಹಚ್ಚಿ ಚಲನ್ ವೆಬ್‌ಸೈಟಿನಲ್ಲೇ ತಕರಾರು ಹಾಕಬಹುದು. ಕಟ್ಟಿದರೆ ಗಾಡಿ ನಿಮ್ಮ ಕೈಯಲ್ಲೇ ಇದೆ ಅಂತ ಒಪ್ಪಿಕೊಂಡ ಹಾಗಾಗುತ್ತದೆ.

ಇನ್ಶೂರೆನ್ಸ್‌ನವರು "ನಾನ್ ಟ್ರೇಸಬಲ್ ರಿಪೋರ್ಟ್ ತನ್ನಿ" ಅಂತ ಹೇಳುತ್ತಾರಲ್ಲ, ನಮ್ಮ ಠಾಣೆಗಳಲ್ಲಿ ಅದಕ್ಕೆ ಸಿ ರಿಪೋರ್ಟ್ ಅನ್ನುತ್ತಾರೆ. ಎಷ್ಟು ಹುಡುಕಿದರೂ ಪತ್ತೆಯಾಗಲಿಲ್ಲ ಅಂತ ಪೊಲೀಸರು ಕೋರ್ಟಿಗೆ ಕೊಡುವ ಅಂತಿಮ ವರದಿ. ಬಿ ರಿಪೋರ್ಟ್ ಬೇರೆ, ಅದು ಕೇಸೇ ಸುಳ್ಳು ಅಥವಾ ತಪ್ಪು ತಿಳುವಳಿಕೆ ಅಂತ. ಬಿ ಅಂತ ಬಿದ್ದರೆ ಕ್ಲೇಮ್ ಕಷ್ಟ, ಹಾಗಾಗಿ ಯಾವುದು ಹಾಕುತ್ತಿದ್ದಾರೆ ಕೇಳಿಕೊಳ್ಳಿ. ಸಿ ರಿಪೋರ್ಟ್ ಬೇಗ ಹಾಕುವುದಿಲ್ಲ, ತಿಂಗಳುಗಳು ಹಿಡಿಯುತ್ತವೆ. ಹೋದಾಗಲೆಲ್ಲ "ಹುಡುಕ್ಲಕತ್ತೀವ್ರಿ" ಅನ್ನುವುದೇ ಉತ್ತರ. ಸಿಟ್ಟು ಮಾಡಿದರೆ ಕೆಲಸ ಆಗುವುದಿಲ್ಲ, ಸುಮ್ನೆ ಕೂತರೂ ಆಗುವುದಿಲ್ಲ. ಕಂಪನಿ ಕೇಳಿರುವ ಪತ್ರದ ಪ್ರತಿ ಹಚ್ಚಿ ಒಂದು ಅರ್ಜಿ ಬರೆದು ಕೊಟ್ಟೆ, ಸ್ವೀಕೃತಿ ಪಡೆದೆ. ಅದಾದ ಮೇಲೆ ಫೈಲು ಚಲಿಸಿತು.

ವರದಿ ಜೆಎಂಎಫ್‌ಸಿ (ಮ್ಯಾಜಿಸ್ಟ್ರೇಟ್) ಕೋರ್ಟಿಗೆ ಹೋದ ಮೇಲೆ ದೂರುದಾರರಿಗೆ ನೋಟಿಸ್ ಬರುತ್ತದೆ. ವರದಿಗೆ ತಕರಾರು ಇದೆಯೇ ಅಂತ ಕೇಳಲು. ಇಲ್ಲ ಅಂತ ಹೇಳಿದೆ, ಕೋರ್ಟು ಅಂಗೀಕರಿಸಿತು. ಆ ಆದೇಶದ ಮತ್ತು ವರದಿಯ ದೃಢೀಕೃತ ನಕಲಿಗೆ ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಹಾಕಬೇಕು. ಠಾಣೆಯ ಜೆರಾಕ್ಸ್ ನಡೆಯುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಆ ಆವರಣದ ಬೇವಿನ ಮರದ ನೆರಳೇ ನನ್ನ ಕಾಯುವ ಕೋಣೆ. "ಐದು ಸಾವಿರ ಕೊಡ್ರಿ, ಎಲ್ಲಾ ನಾ ಮಾಡಿಕೊಡ್ತೀನಿ" ಅಂತ ಒಬ್ಬರು ಹಿಂದೆ ಬಿದ್ದಿದ್ದರು. ಕೊಡಲಿಲ್ಲ. ನಕಲಿಗೆ ಕಟ್ಟುವ ಶುಲ್ಕ ತೀರಾ ಕಡಿಮೆ, ನೀವೂ ಕೊಡಬೇಡಿ.

ಇನ್ನು ಕೊನೆಯ ಕಾಗದಗಳು. ಕ್ಲೇಮ್ ಫಾರಂ, ಮೂಲ ಆರ್‌ಸಿ, ಮೂಲ ಪಾಲಿಸಿ, ಗಾಡಿ ಕೊಂಡ ಬಿಲ್ಲು, ಆಧಾರ್, ಪ್ಯಾನ್, ರದ್ದು ಮಾಡಿದ ಚೆಕ್ಕು, ಆರ್‌ಟಿಒ ಪತ್ರದ ಸೀಲು ಹಾಕಿದ ಪ್ರತಿ, ಫೈನಾನ್ಸ್ ಎನ್‌ಒಸಿ, ಜೊತೆಗೆ ಗಾಡಿಯ ಹೆಸರು ಬದಲಾವಣೆಗೆ ಬೇಕಾದ ಆರ್‌ಟಿಒದ 28, 29, 30ನೇ ನಮೂನೆಗಳು. ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿದ ಇಂಡೆಮ್ನಿಟಿ ಬಾಂಡ್ (ಮುಂದೆ ಕಂಪನಿಗೆ ನಷ್ಟವಾದರೆ ತುಂಬಿಕೊಡುವ ಮುಚ್ಚಳಿಕೆ) ಮತ್ತು ಹಕ್ಕು ವರ್ಗಾವಣೆ ಪತ್ರ ಬೇರೆ. ಎಷ್ಟು ಮೊತ್ತದ ಛಾಪಾ ಕಾಗದ, ಯಾವ ಮಾದರಿ ಅಂತ ಕಂಪನಿಯಿಂದಲೇ ಮೇಲ್‌ನಲ್ಲಿ ತರಿಸಿಕೊಂಡು ಆಮೇಲೆ ಮಾಡಿಸಿ.

ಎಲ್ಲದಕ್ಕೂ ಅಪ್ಪನದೇ ಸಹಿ ಬೇಕು. ಆರ್‌ಸಿ, ಪಾಲಿಸಿ ಯಾರ ಹೆಸರಿನಲ್ಲಿದೆಯೋ ಅವರದೇ. ಅಪ್ಪ ಹೊಲದ ಕೆಲಸ ಬಿಟ್ಟು ಬಂದ. ಕನ್ನಡದಲ್ಲಿ ನಿಧಾನವಾಗಿ ಸಹಿ ಮಾಡುತ್ತಾನೆ, ಪೆನ್ನು ಒತ್ತಿ ಹಿಡಿದು, ಒಂದೊಂದು ಅಕ್ಷರ ಮುಗಿದ ಮೇಲೆ ಕೈ ಎತ್ತಿ ನೋಡುತ್ತಾನೆ. ಅಷ್ಟು ಕಾಗದಕ್ಕೆ ಸಹಿ ಮಾಡುವಷ್ಟರಲ್ಲಿ ಬೆರಳು ಸೋತವು. ಕೊನೆಯ ಹಾಳೆಗಳ ಸಹಿ ಪ್ಯಾನ್ ಕಾರ್ಡಿನ ಸಹಿಗೆ ಹೊಂದುವುದಿಲ್ಲ ಅಂತ ವಾಪಸ್ ಬಂತು. ಅಪ್ಪನ ಮುಖ ನೋಡಲಾಗಲಿಲ್ಲ. "ನನ್ನ ಸಹಿ ನಂದೇ ಅಲ್ಲಂತಾರಲ್ಲೋ" ಅಂದ. ಇದಕ್ಕೆ ದಾರಿ ಇದೆ: ಖಾತೆ ಇರುವ ಬ್ಯಾಂಕಿನಲ್ಲಿ ಅವರ ಎದುರೇ ಸಹಿ ಮಾಡಿದರೆ ಮ್ಯಾನೇಜರ್ ದೃಢೀಕರಿಸಿ ಕೊಡುತ್ತಾರೆ. ವಯಸ್ಸಾದವರ ಕೈಯಲ್ಲಿ ಎಲ್ಲವನ್ನೂ ಒಂದೇ ದಿನ ಮಾಡಿಸಬೇಡಿ.

ಎಲ್ಲ ಕೊಟ್ಟ ಮೇಲೆ ಒಂದು ಫೋನ್ ಬಂತು. "ಮಾರ್ಕೆಟ್ ರೇಟ್ ನೋಡಿದರೆ 46,000 ಆಗುತ್ತೆ ಸರ್, ಒಪ್ಪಿಗೆ ಪತ್ರ ಕಳಿಸಿ, ಈ ವಾರವೇ ಹಾಕಿಬಿಡ್ತೀವಿ." ಅಷ್ಟು ದಿನ ಕಾದವರಿಗೆ ಈ ವಾರ ಅನ್ನುವ ಮಾತು ದೊಡ್ಡದು, ಅಲ್ವಾ? ಅಪ್ಪನೂ, "ಬರೋದು ಬರ್ಲಿ, ಮುಗಿಸಿಬಿಡು" ಅಂದ. ನಾನು ಪಾಲಿಸಿ ತೆಗೆದು ಕೂತೆ. ಅದರಲ್ಲಿ ಐಡಿವಿ, ಅಂದರೆ ಇನ್ಶೂರೆನ್ಸ್‌ಗೆ ಹಿಡಿದ ಗಾಡಿಯ ಬೆಲೆ, 54,600 ಅಂತ ಇತ್ತು. ಲೆಕ್ಕ ಸರಳ: ಗಾಡಿ ತಯಾರಿಸುವ ಕಂಪನಿಯ ಬೆಲೆ 78,000, ಪಾಲಿಸಿ ಶುರುವಾದಾಗ ಗಾಡಿಗೆ ಎರಡು ವರ್ಷ ತುಂಬಿತ್ತು, ಎರಡರಿಂದ ಮೂರು ವರ್ಷದ ಗಾಡಿಗೆ ಸವಕಳಿ ಶೇ. 30. ಗಾಡಿ ಪೂರ್ತಿ ಹೋದಾಗ ಈ ಐಡಿವಿಯನ್ನೇ ಪಾಲಿಸಿ ಅವಧಿಯುದ್ದಕ್ಕೂ ಮಾರುಕಟ್ಟೆ ಬೆಲೆ ಅಂತ ಹಿಡಿಯಬೇಕು, ಮತ್ತೆ ಸವಕಳಿ ಕಳೆಯುವಂತಿಲ್ಲ ಅಂತ ಪಾಲಿಸಿಯಲ್ಲೇ ಅಚ್ಚಾಗಿದೆ. ಕಳೆಯಬೇಕಾದ್ದು ಕಡ್ಡಾಯ ಕಡಿತ 100 ರೂಪಾಯಿ ಮಾತ್ರ.

ಆ ಸಾಲನ್ನು ಹಾಗೇ ಬರೆದು ಕಂಪನಿಯ ದೂರು ವಿಭಾಗಕ್ಕೆ ಮೇಲ್ ಹಾಕಿದೆ. ಸರಿಪಡಿಸದಿದ್ದರೆ ಬಿಮಾ ಭರೋಸಾದಲ್ಲಿ ದೂರು ದಾಖಲಿಸುತ್ತೇನೆ ಅಂತಲೂ ಸೇರಿಸಿದೆ. ಇದು ಇನ್ಶೂರೆನ್ಸ್ ಕಂಪನಿಗಳ ಮೇಲೆ ನಿಗಾ ಇಡುವ ಐಆರ್‌ಡಿಎಐ ನಡೆಸುವ ದೂರಿನ ವ್ಯವಸ್ಥೆ, 155255ಕ್ಕೆ ಕರೆ ಮಾಡಿದರೂ ಆಗುತ್ತದೆ. ಅದಕ್ಕೂ ಬಗ್ಗದಿದ್ದರೆ ಬೆಂಗಳೂರಿನಲ್ಲಿ ಇಂಥ ತಕರಾರು ಬಗೆಹರಿಸುವ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಕಂಪನಿಗೆ ದೂರು ಕೊಟ್ಟು ತಿಂಗಳಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಅಲ್ಲಿಗೆ ಹೋಗಬಹುದು. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ನಮಗೆ ಅಲ್ಲಿಯ ತನಕ ಹೋಗುವ ಪ್ರಸಂಗ ಬರಲಿಲ್ಲ. ತಿದ್ದಿದ ಒಪ್ಪಿಗೆ ಪತ್ರ ಬಂತು, 54,500. ಫೋನಿನಲ್ಲಿ ಯಾವುದಕ್ಕೂ ಹೂಂ ಅನ್ನಬೇಡಿ. ಮೇಲ್ ಹಾಕಿ ಅನ್ನಿ, ಅಷ್ಟೇ.

ಓಡಾಟ, ನೋಟರಿ, ಛಾಪಾ ಕಾಗದ, ಜೆರಾಕ್ಸ್, ಆಟೊ ಎಲ್ಲ ಸೇರಿ ಖರ್ಚು 3,000 ದಾಟಿತು. ರಜೆಯ ಪಗಾರ ಬೇರೆ ಹೋಯಿತು. ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ನೋ ಕ್ಲೇಮ್ ಬೋನಸ್, ಕೂಡ ಹೋಯಿತು, ಮುಂದಿನ ಗಾಡಿಗೆ ಪ್ರೀಮಿಯಂ ಸ್ವಲ್ಪ ಜಾಸ್ತಿ ಬರುತ್ತದೆ. ಸಾಲ ಮೊದಲೇ ತೀರಿದ್ದರಿಂದ ಪೂರ್ತಿ ಹಣ ಅಪ್ಪನಿಗೇ ಬಂತು.

ನಾಳೆ ಸೊಲ್ಲಾಪುರದಿಂದಲೋ ಇನ್ನೆಲ್ಲಿಂದಲೋ ಗಾಡಿ ಸಿಕ್ಕಿದೆ ಅಂತ ಫೋನ್ ಬಂದರೆ ಏನು ಅಂತ ಅಪ್ಪ ಕೇಳಿದ. ಹಣ ಪಡೆದು ಹಕ್ಕು ಬರೆದುಕೊಟ್ಟ ಮೇಲೆ ಆ ಗಾಡಿ ಇನ್ಶೂರೆನ್ಸ್ ಕಂಪನಿಯದು. ಠಾಣೆಯಿಂದ ಕರೆ ಬಂದರೆ ನಾವೇ ಹೋಗಿ ಬಿಡಿಸಿಕೊಂಡು ಬರುವಂತಿಲ್ಲ, ಕಂಪನಿಗೆ ತಿಳಿಸಬೇಕು. ಅದಕ್ಕೆ ಕ್ಲೇಮ್ ನಂಬರ್, ಎಫ್‌ಐಆರ್ ನಂಬರ್, ಕೋರ್ಟ್ ಆದೇಶದ ನಕಲು ಇರುವ ಫೈಲನ್ನು ಅವ್ವನ ಟ್ರಂಕಿಗೆ ಹಾಕಿಸಿದ್ದೇನೆ. ನೀವೂ ಹಣ ಬಂತು ಅಂತ ಆ ಕಾಗದಗಳನ್ನು ಎಸೆಯಬೇಡಿ.